ಒಂದಕ್ಷರದ ತಪ್ಪು

ಬುಧವಾರ, ಬೆಳಿಗ್ಗೆ ಹತ್ತು ಗಂಟೆ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಪಟಾಕಿಗೆ,

ಅಮ್ಮನ ಮುತ್ತುಗಳು. ಒಂಬತ್ತು ದಿನದಿಂದ ನಿನ್ನ ಫೋನಿಲ್ಲ, ನಾನು ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡುವುದಕ್ಕೆ ಆಗುವುದಿಲ್ಲವಲ್ಲ!

ನಿನ್ನ ಕಾಲೇಜಿನ ಭಾಷಣಕ್ಕೆ ಹೇಳದೆ ಕೇಳದೆ ಬಂದು ಏಳನೇ ಸಾಲಿನಲ್ಲಿ ಕೂತಿದ್ದು ನನ್ನದೇ ತಪ್ಪು. ಧಾರಾವಾಹಿಯ ಆ ಸೊಸೆಯ ಅಳುದನಿ ಮನೆಮನೆಯ ಹೆಣ್ಣುಮಕ್ಕಳಿಗೆ ತಲೆ ತಗ್ಗಿಸುವುದನ್ನು ಕಲಿಸಿತು ಎಂದು ನೀನು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಚೆನ್ನಾಗಿಯೇ ಹೇಳಿದೆ ಕಣೇ. ಅಷ್ಟರಲ್ಲಿ ನಿನ್ನ ಕಣ್ಣಿಗೆ ನಾನು ಬಿದ್ದೆ, ನಿನ್ನ ಮುಖ ಇಷ್ಟು ಸಣ್ಣದಾಯಿತು. ಆ ದನಿ ನನ್ನದು ಎಂದು ಅಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ನೀನು ಹೀಗೆ ಮುಖ ತಪ್ಪಿಸಿಕೊಂಡು ಓಡಾಡುವುದು ಅದಕ್ಕಿಂತ ಹೆಚ್ಚು ನೋಯಿಸುತ್ತದೆ.

ಹನ್ನೊಂದು ವರ್ಷ ಅವಳಿಗೆ ದನಿ ಕೊಟ್ಟಿದ್ದೇನೆ. ಅದರಲ್ಲಿ ನಿನಗೆ ಗೊತ್ತಿಲ್ಲದ್ದು ಒಂದಿದೆ. ಪರದೆಯ ಮೇಲೆ ಅವಳು ಮೈತುಂಬ ಒಡವೆ ಹೇರಿಕೊಂಡು ಜಗಮಗಿಸುತ್ತಾಳಲ್ಲ, ಇಲ್ಲಿ ನಾನು ಬಳೆ, ಓಲೆ, ಗಡಿಯಾರ ಎಲ್ಲ ಬಿಚ್ಚಿಟ್ಟು, ಸರಬರ ಎನ್ನದ ಹಳೇ ಬಟ್ಟೆಯಲ್ಲಿ, ಮೈಕಿನ ಮುಂದೆ ಬರಿಗಾಲಲ್ಲಿ ನಿಂತಿರುತ್ತೇನೆ. ಅವಳ ಬಳೆಯ ಸದ್ದು ಮಾಡುವವನು ಪಕ್ಕದ ಕೋಣೆಯ ಮೀಸೆಯವನು! ನಾವಿಬ್ಬರೂ ಸೇರಿ ಒಬ್ಬ ಲಕ್ಷಣವಾದ ಹೆಂಗಸನ್ನು ತಯಾರು ಮಾಡುತ್ತೇವೆ. ಮುಂದಿನ ಸಲ ಇದನ್ನೂ ಹೇಳು, ಜನ ಬಿದ್ದು ಬಿದ್ದು ನಗುತ್ತಾರೆ.

ಆದರೆ ಇನ್ನೊಂದು ಮಾತು. ಹೋದ ತಿಂಗಳು ಕ್ಲಿನಿಕ್ಕಿನಲ್ಲಿ ನಾನು ಟೋಕನ್ ಕೇಳಿದ್ದೇ ತಡ, ದನಿಯಲ್ಲೇ ಗುರುತು ಹಿಡಿದ ನರ್ಸ್ ನನ್ನ ಕೈ ಹಿಡಿದುಕೊಂಡಳು. ನೀವು ಅತ್ತಾಗ ನಾನೂ ಅತ್ತು ಹಗುರಾಗ್ತೀನಮ್ಮ, ಮನೇಲಿ ಅಳೋಕೆ ಬೇರೆ ನೆಪ ಇಲ್ಲ ಅಂದಳು. ಅವಳಿಗೆ ನೀನೇನು ಹೇಳುತ್ತೀ?

ಈಗ ಎಡವಟ್ಟಿನ ವಿಷಯ. ನಿನ್ನ ಭಾಷಣದ ಮರುದಿನವೇ ರೆಕಾರ್ಡಿಂಗ್ ಇತ್ತು. ಗಂಡ ಮನೆ ಬಿಟ್ಟು ಹೋಗು ಎನ್ನುತ್ತಾನೆ, ಅವಳು ಬಿಕ್ಕುತ್ತಾ 'ನೀವು ಹೇಳಿದ ಹಾಗೇ ಆಗಲಿ' ಎನ್ನಬೇಕು. ನನ್ನ ಬಾಯಿ ತಪ್ಪಿ 'ನೀನು ಹೇಳಿದ ಹಾಗೇ ಆಗಲಿ' ಎಂದುಬಿಟ್ಟಿತು. ಬಿಕ್ಕೂ ಬರಲಿಲ್ಲ. ಪರದೆಯ ಮೇಲಿನ ಅವಳ ತುಟಿಗೆ ಸರಿಹೊಂದಿತು, ಇಂಜಿನಿಯರ್ ಟೀ ಕುಡಿಯುತ್ತಿದ್ದ, ಯಾರ ಕಿವಿಗೂ ಬೀಳದೆ ಪ್ರಸಾರವೂ ಆಗಿಹೋಯಿತು. ಒಂದೇ ಒಂದಕ್ಷರ ನೋಡು! ಚಾನೆಲ್ಲಿಗೆ ಫೋನೋ ಫೋನು. ಗಂಡನಿಗೆ ಏಕವಚನವೇ ಅಂತ ಬೈದವರು ಅರ್ಧ, ಕೊನೆಗೂ ಬಾಯಿ ಬಂತಲ್ಲ ಅಂತ ಕುಣಿದವರು ಅರ್ಧ. ನಿಮ್ಮಪ್ಪ ಪೇಪರ್ ಮಡಿಸಿಟ್ಟು, ಅದು ಯಾರಿಗೆ ಹೇಳಿದ್ದು ಅಂದರು. ಧಾರಾವಾಹಿ ಗಂಡನಿಗೆ ರೀ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಶುಕ್ರವಾರ ಬಂದು ಆ ಸಾಲನ್ನು 'ನೀವು' ಅಂತ ಸರಿ ಮಾಡಿಕೊಡಿ, ಮರುಪ್ರಸಾರಕ್ಕೆ ಬೇಕು, ಇಲ್ಲದಿದ್ದರೆ ಬೇರೆ ದನಿ ಹುಡುಕಿಕೊಳ್ಳುತ್ತೇವೆ ಎಂದು ನಿರ್ಮಾಪಕರು ಖಡಾಖಂಡಿತವಾಗಿ ಹೇಳಿದ್ದಾರೆ. ಹೋಗಿ ಸರಿ ಮಾಡಿ ಬರುತ್ತೇನೆ. ನೀನು ಇದನ್ನೊಂದು ಕ್ರಾಂತಿ ಅಂತ ಭಾಷಣಕ್ಕೆ ಸೇರಿಸಿಬಿಡಬೇಡ ತಾಯಿ, ಬಾಯಿ ತಪ್ಪಿದ್ದು ಅಷ್ಟೇ. ನನಗೆ ಈ ಕೆಲಸವೆಂದರೆ ಪ್ರಾಣ. ಆ ಮೈಕು ಬಿಟ್ಟರೆ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳುವವರು ಯಾರಿದ್ದಾರೆ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೋಪ ಸಾಕು.

ನಿನ್ನ
ಅಳುಬುರುಕಿ ಅಮ್ಮ

ತಾ.ಕ.: ಶುಕ್ರವಾರ ಸಂಜೆ. ಕಾಗದ ಬ್ಯಾಗಿನಲ್ಲೇ ಉಳಿದುಹೋಗಿತ್ತು. ಸ್ಟುಡಿಯೋಗೆ ಹೋಗಿ ಬಂದೆ. ಆ ಸಾಲನ್ನು ಮೂರು ಸಲ ಹೇಳಿಸಿದರು. ಮೂರು ಸಲವೂ 'ನೀನು' ಎಂದೇ ಹೇಳಿದೆ. ಮೊದಲನೇ ಸಲ ನಿಜಕ್ಕೂ ಬಾಯಿ ತಪ್ಪಿತ್ತು ಕಣೇ, ಇವತ್ತು ತಪ್ಪಲಿಲ್ಲ. ಸೋಮವಾರದಿಂದ ಬೇರೆ ಹುಡುಗಿ ಬರುತ್ತಾಳೆ. ಬಸ್ಸಿನಲ್ಲಿ ಕೂತ ಮೇಲೆ ಬಿಚ್ಚಿಟ್ಟಿದ್ದ ಬಳೆ, ಓಲೆ ಎಲ್ಲ ಒಂದೊಂದಾಗಿ ಹಾಕಿಕೊಂಡೆ. ಭಾನುವಾರ ಬಾ. ಶಹಬ್ಬಾಸ್ ಅನ್ನಬೇಡ, ಸುಮ್ಮನೆ ಪಕ್ಕದಲ್ಲಿ ಕೂತುಕೋ.