ಇಪ್ಪತ್ತೊಂದು ಹಲ್ಲು

ಡಿಸೆಂಬರ್ ೧೧, ಬುಧವಾರ
ಬಟ್ಟೆ ಗಿರಣಿಯ ಪರೀಕ್ಷಾ ಕೊಠಡಿ, ಊಟದ ಬಿಡುವು

ಪ್ರೀತಿಯ ಮೇಸ್ತ್ರಿ,

ಪ್ರೀತಿಯ ಎಂದು ಬರೆದದ್ದು ಕೈಯ ಅಭ್ಯಾಸದಿಂದ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಹಾಗೇ ಬಿಟ್ಟಿದ್ದೇನೆ, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡ. ನಾನು ಮನೆ ಬಿಟ್ಟ ಈ ನಾಲ್ಕು ತಿಂಗಳಲ್ಲಿ ನೀನು ಬರೆದ ಎರಡೂ ಪತ್ರಗಳು ತಲುಪಿವೆ. ವಾಪಸು ಬಾ ಎಂದು ಎರಡರಲ್ಲೂ ಕೇಳಿದ್ದೀಯ. ಬರುತ್ತೇನೆಂದು ಬರೆಯಲು ಶನಿವಾರ ಬೆಳಿಗ್ಗೆಯಷ್ಟೇ ಕಾಗದ ತೆಗೆದಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ತಲೆಕೆಳಗಾಯಿತು.

ನಡೆದದ್ದು ಇಷ್ಟು. ಗಿರಣಿಯ ಮಹಿಳಾ ಸೈಕಲ್ ತಂಡದ ನಾಯಕಿ ಹೋದ ವಾರ ನನ್ನ ಮೇಜಿನ ಹತ್ತಿರ ಬಂದು, ಏಪ್ರಿಲ್‌ನ ಬೆಟ್ಟದ ರೇಸಿಗೆ ಒಬ್ಬಳು ಕಡಿಮೆಯಿದ್ದಾಳೆ, ಬರುತ್ತೀಯಾ ಎಂದು ಕೇಳಿದಳು. ನನ್ನ ಕಾಲುಗಳ ಕಥೆ ಮುಗಿದು ಮೂರು ವರ್ಷವಾಗುತ್ತ ಬಂತು ಎಂದೆ. ಆದರೂ ಯೋಚಿಸು, ಈ ಶುಕ್ರವಾರದೊಳಗೆ ಹೇಳು ಎಂದು ಹೋದಳು. ಆಸೆಗೇನು, ಬಾಗಿಲು ಸಂದು ಬಿಟ್ಟರೆ ಸಾಕು, ಒಳಗೆ ಬಂದು ಕೂರುತ್ತದೆ. ಕೆಲಸಕ್ಕೆ ಹೋಗಿಬರುವ ಹಳೇ ಸೈಕಲ್ಲಿಗೆ ಗಟ್ಟಿ ಗೇರ್ ಹಾಕಿಸಿದರೆ, ಚಳಿಗಾಲವೆಲ್ಲ ಹದಿನಾಲ್ಕು ಕಿಲೋಮೀಟರ್ ಹೋಗಿ ಹದಿನಾಲ್ಕು ಬರುವುದರಲ್ಲೇ ತರಬೇತಿಯೂ ಆಗಿಬಿಡುತ್ತದೆ ಎಂದುಕೊಂಡೆ. ಹಿಂದಿನ ಹಲ್ಲುಚಕ್ರದಲ್ಲಿ ಹಲ್ಲು ಕಡಿಮೆಯಾದಷ್ಟೂ ತುಳಿಯುವುದು ಭಾರ, ಕಾಲು ಗಟ್ಟಿಯಾಗುವುದೂ ಅಷ್ಟೇ ಬೇಗ ಎಂದು ಹೇಳಿಕೊಟ್ಟವನು ನೀನೇ ತಾನೆ.

ನನ್ನ ಸೈಕಲ್ಲಿನ ರಿಪೇರಿಯೆಲ್ಲ ನಿನ್ನದೇ ಆಗಿತ್ತು, ಈಗ ನಿನ್ನ ಹತ್ತಿರ ತರಲು ಬಿಗುಮಾನ. ಅದಕ್ಕೇ ಸ್ಟೇಷನ್ ಹಿಂದಿನ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯಾಕೆ ಸೊಂಟಕ್ಕೆ ಚರ್ಮದ ಏಪ್ರನ್ ಕಟ್ಟಿದ, ಅಳೆದು ತೂಗಿ ಮಾತಾಡುವ ಹೆಂಗಸು. ಈಗಿರುವ ದೊಡ್ಡ ಹಲ್ಲುಚಕ್ರ ಇಪ್ಪತ್ತೆಂಟರದ್ದು, ತೀರಾ ಹಗುರ, ಇಪ್ಪತ್ತಮೂರಕ್ಕೆ ಇಳಿಸಿಕೊಡಿ ಎಂದೆ. ಆಕೆ ಕಪ್ಪು ಗ್ರೀಸನ್ನು ಬಟ್ಟೆಯಿಂದ ಒರೆಸಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದಳು. ನನ್ನ ಮುಖ ನೋಡಿ ಮತ್ತೆ ಎಣಿಸಿದಳು.

"ಇರೋದೇ ಇಪ್ಪತ್ತೊಂದು," ಅಂದಳು. "ಇದಕ್ಕಿಂತ ಗಟ್ಟಿ ಬೇಕಂದ್ರೆ ಗೋಡೆ ತಳ್ಕೊಂಡು ಹೋಗ್ಬೇಕು."

ಸಾಧ್ಯವೇ ಇಲ್ಲ ಎಂದೆ. ಆಕೆ ಸೀಮೆಸುಣ್ಣವನ್ನು ನನ್ನ ಕೈಗೇ ಕೊಟ್ಟಳು. ಒಂದು ಅಂಗುಲ ಬಟ್ಟೆಯಲ್ಲಿ ಎಷ್ಟು ಎಳೆ ಎಂದು ದಿನವಿಡೀ ಎಣಿಸಿ ಸಂಬಳ ಪಡೆಯುವವಳು ನಾನು, ನನ್ನ ಎಣಿಕೆ ತಪ್ಪುವುದಿಲ್ಲ. ಇಪ್ಪತ್ತೊಂದು. ಯಾರಾದರೂ ಇತ್ತೀಚೆಗೆ ಬದಲಿಸಿರಬಹುದೇ ಎಂದು ಕೇಳಿದೆ. ಆಕೆ ಸವೆತವನ್ನು ಬೆರಳಿಂದ ಸವರಿ, ಇದು ಏನಿಲ್ಲವೆಂದರೂ ಮೂರು ಚಳಿಗಾಲ ಓಡಿದೆ ಎಂದಳು. ಅಲ್ಲಿದ್ದ ಟೈರುಗಳ ರಾಶಿಯ ಮೇಲೆ ಕೂತುಬಿಟ್ಟೆ. ಆಕೆ ನೀರು ತಂದುಕೊಟ್ಟು, ಬೇರೆ ಸೈಕಲ್ಲಿನ ಕೆಲಸಕ್ಕೆ ಹೋದಳು.

ಮೂರು ಚಳಿಗಾಲ, ಮೇಸ್ತ್ರಿ. "ಹಗುರದ್ದು ಹಾಕಿದೀನಿ, ಇಪ್ಪತ್ತೆಂಟು, ಆರಾಮಾಗಿ ಹೋಗು" ಎಂದು ಈ ಚಕ್ರ ಹಾಕಿದ ದಿನ ನೀನು ಕೈ ಒರೆಸಿಕೊಳ್ಳುತ್ತ ಹೇಳಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ತುಳಿಯುವುದು ನನ್ನ ಕೆಲಸ, ಹಲ್ಲು ಎಣಿಸುವುದು ನಿನ್ನ ಕೆಲಸ ಎಂದು ಮದುವೆಯಾದ ವರ್ಷವೇ ಹಂಚಿಕೊಂಡಿದ್ದೆವು. ನಾನು ಒಮ್ಮೆಯೂ ಬಗ್ಗಿ ನೋಡಲಿಲ್ಲ. ಕೆಲಸಕ್ಕೆ ಹೋಗುವಾಗ ಮೇಲ್ಸೇತುವೆಯ ಏರಿನಲ್ಲಿ ತಂಡದವರೆಲ್ಲ ಹರಟೆ ಹೊಡೆಯುತ್ತ ನನ್ನನ್ನು ದಾಟಿಹೋಗುತ್ತಿದ್ದರು. ನಾನು ಸೀಟು ಬಿಟ್ಟು ಎದ್ದು ಏದುಸಿರು ಬಿಡುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ಆಡಿಕೊಂಡಾರೆಂದು ಸೈಕಲ್ಲಿನ ಮೇಲೆ ತಪ್ಪು ಹೊರಿಸಲಿಲ್ಲ. ನೆಲ ನಿಜಕ್ಕೂ ಡೊಂಕಾಗಿತ್ತಲ್ಲೋ, ಮಾರಾಯ. ಆ ಮೊದಲ ಚಳಿಗಾಲದ ಫೆಬ್ರವರಿಯಲ್ಲೇ ತಂಡ ಬಿಟ್ಟೆ. ಚಳಿಗಾಲವೆಲ್ಲ ಮೂಲೆಯಲ್ಲಿ ನಿಂತಿದ್ದ ರೇಸಿನ ಸೈಕಲ್ಲನ್ನು ಅಕ್ಕನ ಮಗಳಿಗೆ ಕೊಟ್ಟೆ. ಮೂವತ್ತೆಂಟಕ್ಕೇ ಮುದುಕಿಯಾದೆನೆಂದು ಅಡುಗೆಮನೆಯಲ್ಲಿ ನಿಂತು ಅತ್ತೆ.

ಹಾಕಿದ್ದು ಯಾಕೆಂದು ನಾನು ಊಹಿಸಬಲ್ಲೆ. ಗಟ್ಟಿ ಗೇರ್ ಅಂದಿದ್ದರೆ ನಾನು ಜಗಳ ತೆಗೆಯುತ್ತಿದ್ದೆ. ಗುಟ್ಟಾಗಿ ತಯಾರು ಮಾಡಿ, ರೇಸಿನ ದಿನ ಹೇಳಿ ಬೆರಗಾಗಿಸೋಣ ಎಂದಿದ್ದಿರಬೇಕು. ನಿನಗೆ ಅಂಥ ತಮಾಷೆ ಇಷ್ಟ. ಆದರೆ ನಾನು ಅತ್ತ ಸಂಜೆ ನೀನು ಯಾಕೆ ಹೇಳಲಿಲ್ಲ? ನನ್ನ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತ, "ವಯಸ್ಸಾಯ್ತು ಬಿಡು ಗುಬ್ಬಿ, ಎಲ್ರಿಗೂ ಆಗುತ್ತೆ" ಅಂದೆ. ನಿನ್ನ ಬೆರಳಡಿಯಲ್ಲಿ ಆ ಸ್ನಾಯು ಕಲ್ಲಿನ ಹಾಗೆ ಇತ್ತು. ಗೊತ್ತಿದ್ದೂ ಅಂದೆ. ಆಮೇಲೆ ನನ್ನ ಭಾನುವಾರಗಳೆಲ್ಲ ಮನೆಯಲ್ಲೇ ಕಳೆದವು, ನೀನು ಸಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದೆ. ಅದಕ್ಕೇನಾ? ಮೆಟ್ಟಿಲು ಹತ್ತುವಾಗ ನನ್ನ ಚೀಲ ಕಸಿದುಕೊಳ್ಳುವ, ರೋಗಿಯ ಜೊತೆ ಮಾತಾಡುವ ಹಾಗೆ ಮಾತಾಡುವ ನಿನ್ನ ಆ ಕರುಣೆ ತಡೆಯಲಾಗದೆ ತಾನೆ ನಾನು ಮನೆ ಬಿಟ್ಟದ್ದು. ನಂಬಿಸಿ ಕತ್ತು ಕುಯ್ಯುವವರು ಹಗೆಗಳೇ ಇರಬೇಕು ಎಂದುಕೊಂಡಿದ್ದೆ.

ಶನಿವಾರವೇ ಅಂಗಡಿಯಾಕೆಗೆ ಹೇಳಿ ನಿಜವಾದ ಇಪ್ಪತ್ತೆಂಟು ಹಾಕಿಸಿಕೊಂಡು ಮೇಲ್ಸೇತುವೆಗೆ ಹೋದೆ. ಏರು ಮುಗಿದದ್ದೇ ತಿಳಿಯಲಿಲ್ಲ. ಯಾರೋ ಸೇತುವೆಯನ್ನೇ ತಗ್ಗಿಸಿದ್ದಾರೆನಿಸಿತು. ನಂಬಿಕೆಯಾಗದೆ ಇಳಿದು ಮತ್ತೆ ಹತ್ತಿದೆ, ಇನ್ನೊಮ್ಮೆ ಹತ್ತಿದೆ. ಮೇಲೆ ನಿಂತು ಒಬ್ಬಳೇ ನಕ್ಕೆ, ಆಮೇಲೆ ಕಂಬಿ ಹಿಡಿದು ಅತ್ತೆ. ಬಸ್ ಡ್ರೈವರ್ ಒಬ್ಬ ಗಾಡಿ ನಿಧಾನ ಮಾಡಿ, ಬಿದ್ರಾ ಎಂದು ಕೇಳಿದ. ಇಲ್ಲ ಎಂದೆ.

ಸೋಮವಾರ ಅಂಗಡಿಗೆ ಹೋಗಿ ಇಪ್ಪತ್ತೊಂದನ್ನೇ ವಾಪಸು ಹಾಕಿಸಿದೆ. ಅಂಗಡಿಯಾಕೆ ತಲೆ ಚಚ್ಚಿಕೊಂಡಳು. ಈ ಚಳಿಗಾಲವೂ ಅದನ್ನೇ ತುಳಿಯುತ್ತೇನೆ, ಆದರೆ ಗೊತ್ತಿದ್ದು ತುಳಿಯುತ್ತೇನೆ. ಏಪ್ರಿಲ್‌ಗೆ ಬರುತ್ತೇನೆಂದು ನಾಯಕಿಗೆ ಇವತ್ತು ಬೆಳಿಗ್ಗೆ ಹೇಳಿಯಾಯಿತು.

ಭಾನುವಾರ ಹತ್ತು ಗಂಟೆಗೆ ಮನೆಗೆ ಬರುತ್ತೇನೆ. ಇರಲಿಕ್ಕೋ, ಬಟ್ಟೆಬರೆ ಒಯ್ಯಲಿಕ್ಕೋ, ಇನ್ನೂ ತೀರ್ಮಾನಿಸಿಲ್ಲ. ನಾನು ಅತ್ತ ಆ ಸಂಜೆ ನೀನು ಬಾಯಿಗೆ ಬೀಗ ಯಾಕೆ ಹಾಕಿಕೊಂಡೆ ಎಂಬುದನ್ನು ನಿನ್ನಿಂದಲೇ ಕೇಳಬೇಕು. ಸುಳ್ಳು ಹೇಳಿದರೆ ಒಂದು ನಿಮಿಷ ನಿಲ್ಲುವುದಿಲ್ಲ. ನಿಜ ಹೇಳಿದರೆ ನಿಲ್ಲುತ್ತೇನೆಂದೂ ಮಾತು ಕೊಡಲಾರೆ.

ಕಾಗದಪತ್ರದ ಮಟ್ಟಿಗೆ ಇನ್ನೂ ನಿನ್ನವಳೇ ಆದ,
ಗುಬ್ಬಿ
(ಹಾಗೆ ಕರೆಯಲು ನಿನಗೆ ಸದ್ಯ ಅನುಮತಿಯಿಲ್ಲ)

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಒಮ್ಮೆಯೂ ಬಗ್ಗಿ ನೋಡಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎರಡನೆಯ ಚಳಿಗಾಲ ಗಿರಣಿಯ ಸೈಕಲ್ ಸ್ಟ್ಯಾಂಡಿನಲ್ಲಿ ಬಣ್ಣದ ವಿಭಾಗದವನೊಬ್ಬ, ಹಿಂದೆ ಎಷ್ಟು ಹಲ್ಲು ಎಂದು ಕೇಳಿದ. ಇಪ್ಪತ್ತೆಂಟು ಎಂದೆ. ಅವನು ಕುಕ್ಕರುಗಾಲಲ್ಲಿ ಕೂತು ನೋಡಿ, "ಸರಿಯಾಗಿ ನೋಡಿ ಮೇಡಂ, ಇಪ್ಪತ್ತೆಂಟೆಲ್ಲಿದೆ" ಎಂದು ನಕ್ಕ. ನಾನು ನೋಡಲಿಲ್ಲ. ಕೈಗವಸು ಹುಡುಕುವವಳ ಹಾಗೆ ಚೀಲದೊಳಗೆ ಮುಖ ಹಾಕಿ, ಅವನು ಹೋಗುವವರೆಗೂ ಹಾಗೇ ನಿಂತಿದ್ದೆ. ನನ್ನ ಕೈಲಾಗದು ಎಂದು ಎಲ್ಲರಿಗೂ ಹೇಳಿಯಾಗಿತ್ತು, ಇನ್ನು ಯಾವ ರೇಸಿನಲ್ಲೂ ಸೋಲಬೇಕಾಗಿರಲಿಲ್ಲ, ಹಾಯಾಗಿತ್ತು. ಭಾನುವಾರ ನೀನು ನಿನ್ನದನ್ನು ಹೇಳು. ನನ್ನದು ಇದು.