ಗುಂಯ್ಗುಡುವ ಪೆಟ್ಟಿಗೆ

ನವೆಂಬರ್ 4, ಸೋಮವಾರ

ಹೊಲಿಗೆ ಕಾರ್ಖಾನೆಯಿಂದ ಬಂದೆ. ಚಹಾ, ನಿನ್ನೆಯ ರೊಟ್ಟಿ. ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ ಹಾಕಿದೆ. ಮತ್ತೆ ಅದೇ ಗುಂಯ್.

ಗಿಟಾರ್ ಕಿತ್ತರೆ ಸದ್ದು ಇಳಿಯುತ್ತದೆ, ಸಿಕ್ಕಿಸಿದರೆ ಏರುತ್ತದೆ. ಕೇಬಲ್ ಇರಬೇಕು. ಆಂಪು ನಾನೇ ಕಟ್ಟಿದ್ದು: ತೊಕ್ಮೊಕ್‌ನ ಮುಚ್ಚಿದ ಸಿನಿಮಾ ಮಂದಿರದ ಟ್ರಾನ್ಸ್‌ಫಾರ್ಮರ್, ಅಲ್ಲಿಯದೇ ಗಾಜಿನ ಕೊಳವೆಯ ವಾಲ್ವ್‌ಗಳು. ಪೆಟ್ಟಿಗೆ ನನ್ನದು, ಬೆಸುಗೆ ನನ್ನದು. ಬೇಸಿಗೆಯೆಲ್ಲ ತಕರಾರಿಲ್ಲದೆ ಹಾಡಿತ್ತು. ಈಗೇನು ಬಂತು ಇದಕ್ಕೆ?

ಕೆಳಮನೆಯ ಮಿರ್ಲಾನ್ ಮನೆ ಕಾಯಿಸುವ ಬಿಸಿನೀರಿನ ಪೈಪು ಒಂದು ತಿಂಗಳಿಂದ ಬದಲಿಸುತ್ತಿದ್ದ, ಅಂತೂ ಮುಗಿಸಿದ. ಕಬ್ಬಿಣ ಹೋಗಿ ಬಿಳಿ ಪ್ಲಾಸ್ಟಿಕ್. ಸುತ್ತಿಗೆ ಸದ್ದು ನಿಂತಿತಲ್ಲ, ಸಾಕು.

ಮೇಲ್ಮನೆಯ ಅಜ್ಜಿ ಜಿನೈದಾ ಪಾವ್ಲೊವ್ನಾ ಮೂರೂ ಮನೆ ಹಾಯುವ ಅದೇ ಪೈಪು ಕುಟ್ಟಿದರು — ಸದ್ದು ಸಾಕು ಅಂತ. ಮೊದಲೆಲ್ಲ ಬೆರಳಿನ ಉಂಗುರದಿಂದ ಟಿಣ್ ಟಿಣ್. ಈಗೇಕೋ ಮರದ ಸೌಟು. ಟಪ್ ಟಪ್.

ನವೆಂಬರ್ 6

ಎಮಿಲ್ ಬಂದಿದ್ದ. ನಮ್ಮ ಬ್ಯಾಂಡಿನ ಹಾಡುಗಾರ, ನನಗಿಂತ ಚಿಕ್ಕವನು, ನಾಲಿಗೆ ಮಾತ್ರ ಉದ್ದ.

"ಬುರುಲಕ್ಕಾ, ಇದು ಆಂಪಾ, ಜೇನುಗೂಡಾ?"

"ಕೇಬಲ್ ಕಣೋ."

"ಹೋದ ವಾರ ವಾಲ್ವ್ ಅಂದೆ, ಇವತ್ತು ಕೇಬಲ್. ನಾಳೆ ನನ್ನ ಹಲ್ಲು ಸರಿಯಿಲ್ಲ ಅಂತೀಯ."

ಡ್ರಮ್ಮಿನ ಐಬೆಕ್ ಇದೇ ತಿಂಗಳ 17ರಂದು ಕೊರಿಯಾಕ್ಕೆ ಹೊರಡುತ್ತಾನೆ. ಮೀನು ಕಾರ್ಖಾನೆ ಕೆಲಸ, ಮೂರು ವರ್ಷ. ರೆಕಾರ್ಡಿಂಗಿಗೆ 16ರ ಶನಿವಾರ ಒಂದೇ ಉಳಿದಿದೆ. ಜಾಗ ನನ್ನ ಮನೆಯೇ: ಗೋಡೆಗಳ ತುಂಬ ಕಂಬಳಿ, ಮಾರ್ದನಿ ಇಲ್ಲ.

ಎಮಿಲ್ ಖಂಡಿತವಾಗಿ ಹೇಳಿದ. "ಅವತ್ತು ಗುಂಯ್ ಅಂದ್ರೆ ಪೆಟ್ಟಿಗೆ ಬಾಲ್ಕನಿಗೆ. ನಿನ್ನ ಗಿಟಾರು ನೇರ ಕಂಪ್ಯೂಟರಿಗೆ."

"ಆ ಸತ್ತ ಸದ್ದಿಗೆ ನಾನು ಕೈ ಹಾಕಲ್ಲ."

"ಹಾಗಾದ್ರೆ ನೀನಿಲ್ದೇ ಮಾಡ್ತೀವಿ, ಅಕ್ಕಾ. ಐಬೆಕ್‌ನ ವಿಮಾನ ನಿನಗೋಸ್ಕರ ಕಾಯಲ್ಲ."

ನಾನಿಲ್ಲದೆಯೆ? ಹಾಡುಗಳಲ್ಲಿ ಹೆಚ್ಚಿನವು ನಾನೇ ಕಟ್ಟಿದ್ದು.

ನವೆಂಬರ್ 9

ಹೊಸ ಕೇಬಲ್. ಗುಂಯ್. ವಾಲ್ವ್ ಬದಲಿಸಿದೆ. ಗುಂಯ್. ಓಶ್ ಬಜಾರಿನಿಂದ ಕೆಪಾಸಿಟರ್ ತಂದು ಹಾಕಿದೆ — ನಿಶ್ಶಬ್ದ! ಕೋಣೆಯಲ್ಲಿ ಒಬ್ಬಳೇ ಕುಣಿದೆ.

ಮಧ್ಯಾಹ್ನ ಮತ್ತೆ ಗುಂಯ್. ಗಿಟಾರಿನ ತಂತಿ ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆ. ಟ್ರಾನ್ಸ್‌ಫಾರ್ಮರೇ ಸೋರುತ್ತಿದೆಯೆ? ಹಾಗಿದ್ದರೆ ಮುಗಿಯಿತು. ಅಂಥದ್ದು ಇನ್ನೊಂದು ಈ ಬಿಷ್ಕೆಕ್‌ನಲ್ಲಿ ಸಿಗುವುದಿಲ್ಲ.

ನವೆಂಬರ್ 13

ಆದದ್ದನ್ನು ಆದಂತೆ ಬರೆಯುತ್ತೇನೆ.

ಟ್ರಾನ್ಸ್‌ಫಾರ್ಮರ್ ಬಿಚ್ಚೋಣವೆಂದು ಪ್ಲಗ್ ಕಿತ್ತೆ. ಅಭ್ಯಾಸಬಲದಿಂದ ಪೆಟ್ಟಿಗೆಯ ಲೋಹಕ್ಕೆ ಟೆಸ್ಟರ್ ಇಟ್ಟೆ. ದೀಪ ಹತ್ತಿತು. ಪ್ಲಗ್ ನನ್ನ ಕೈಯಲ್ಲಿದೆ — ಟೆಸ್ಟರ್ ಉರಿಯುತ್ತಿದೆ!

ಪೆಟ್ಟಿಗೆಗೆ ಉಳಿದದ್ದು ಒಂದೇ ತಂತಿ. ಅರ್ಥಿಂಗಿಗೆಂದು ಬಿಸಿನೀರಿನ ಪೈಪಿಗೆ ಕಟ್ಟಿದ್ದು. ಈ ಕಟ್ಟಡದಲ್ಲಿ ಎಲ್ಲರೂ ಹಾಗೇ ಕಟ್ಟುವುದು. ಪೈಪಿಗೆ ಟೆಸ್ಟರ್ ಇಟ್ಟೆ. ಉರಿಯಿತು.

ಮೇಲೆ ಓಡಿದೆ. ಜಿನೈದಾ ಪಾವ್ಲೊವ್ನಾ ಬಾಗಿಲು ತೆಗೆದರು. ಒಳಗೆ ವಾಷಿಂಗ್ ಮೆಷಿನ್ ಗರಗರ.

"ಪೈಪು ಮುಟ್ಟಬೇಡ ಮಗಳೇ, ಕಚ್ಚುತ್ತೆ."

"ಯಾವಾಗಿಂದ?"

"ಒಂದು ತಿಂಗಳಿಂದ. ನಮ್ಮ ಅಳಿಯ ಅಂತಾನೆ, ಅಮ್ಮ, ಅದು ನಿಮ್ಮ ನರದ ದೋಷ. ಡಾಕ್ಟರ ಹತ್ರ ಕರ್ಕೊಂಡು ಹೋಗಿ ಮಾತ್ರೆ ಕೊಡಿಸಿದಾನೆ. ನುಂಗ್ತಿದೀನಿ. ಪೈಪು ಕಚ್ಚುತ್ತಾನೇ ಇದೆ."

ಅದಕ್ಕೇ ಮರದ ಸೌಟು.

ಮೆಷಿನ್ನಿನ ಪ್ಲಗ್ ಕಿತ್ತೆ. ಟೆಸ್ಟರ್ ಆರಿತು. ಸಿಕ್ಕಿಸಿದೆ, ಉರಿಯಿತು. ಮುದುಕಿ ಪಕ್ಕದಲ್ಲಿ ನಿಂತು ನೋಡಿದರು.

"ಇನ್ನೊಂದ್ಸಲ ಮಾಡು," ಎಂದರು. ಮಾಡಿದೆ. ಮುಖ ಹಬ್ಬದ ಹಾಗಾಯಿತು.

ಅಳಿಯ ಮೆಷಿನ್ನಿನ ಅರ್ಥಿಂಗ್ ತಂತಿಯನ್ನೂ ಪೈಪಿಗೇ ಕಟ್ಟಿದ್ದಾನೆ. ಪೈಪು ನೆಲದವರೆಗೆ ಕಬ್ಬಿಣವಾಗಿದ್ದಾಗ ಸೋರಿದ ಕರೆಂಟು ಮಣ್ಣಿಗಿಳಿಯುತ್ತಿತ್ತು. ಮಿರ್ಲಾನ್‌ನ ಪ್ಲಾಸ್ಟಿಕ್ ದಾರಿ ಕಡಿಯಿತು. ಕರೆಂಟು ನನ್ನ ಪೆಟ್ಟಿಗೆಗೆ ಬಂತು. ಅಜ್ಜಿ ಮೆಷಿನ್ನಿಗೆ ಬಟ್ಟೆ ಹಾಕಿದಾಗೆಲ್ಲ ಗುಂಯ್!

ನನ್ನ ಬೆಸುಗೆಯಲ್ಲಿ ತಪ್ಪಿಲ್ಲ. ತಪ್ಪಿಲ್ಲ!

ನವೆಂಬರ್ 14

ಕಟ್ಟಡದ ಎಲೆಕ್ಟ್ರಿಷಿಯನ್ ಬಂದ. ಮೆಷಿನ್ನಿನ ಒಳಗೆ ನೀರು ಕಾಯಿಸುವ ಕಾಯಿಲ್ ಸೀಳಿತ್ತು. ಮನೆಮನೆಗೆ ಹೋಗಿ ಪೈಪಿನ ತಂತಿಗಳನ್ನೆಲ್ಲ ಕಿತ್ತ, ಬೈದ, ನಮ್ಮಿಬ್ಬರಿಗೂ ಸರಿಯಾದ ಅರ್ಥಿಂಗ್ ಎಳೆದುಕೊಟ್ಟ. "ಯಾರೂ ಸಾಯಲಿಲ್ವಲ್ಲ, ನಿಮ್ಮ ಪುಣ್ಯ," ಎಂದ.

ಅಳಿಯ ಮೂಲೆಯಲ್ಲಿ ನಿಂತಿದ್ದ. ಜಿನೈದಾ ಪಾವ್ಲೊವ್ನಾ ಮಾತ್ರೆಯ ಡಬ್ಬಿ ತಂದು ಅವನ ಕೈಗಿಟ್ಟರು.

"ತಗೋಪ್ಪ. ದಿನಕ್ಕೆರಡು, ಊಟ ಆದ್ಮೇಲೆ."

ನವೆಂಬರ್ 16, ಶನಿವಾರ

ಐದು ನಿಮಿಷ ಬಿಡುವು. ಬೆಳಿಗ್ಗೆಯದು ಬರೆಯದಿದ್ದರೆ ಮರೆತುಹೋಗುತ್ತದೆ.

ಎಮಿಲ್ ಹೆಡ್‌ಫೋನ್ ಹಾಕಿ ಕುಳಿತ. ಆಂಪಿನ ಸದ್ದು ಪೂರ್ತಿ ಏರಿಸಿದ್ದೆ. ಕಾದ. ಇನ್ನೂ ಕಾದ.

"ಆನ್ ಮಾಡೇ ಅಕ್ಕಾ."

"ಆನ್ ಇದೆ ಕಣೋ."

ಅವನು ತಿರುಗಿ ವಾಲ್ವ್‌ಗಳನ್ನು ನೋಡಿದ. ಕೆಂಪಗೆ ಬೆಳಗುತ್ತಿದ್ದವು. ಆಗ ಒಂದೇ ಒಂದು ಸಲ ತಂತಿ ಮೀಟಿದೆ. ಎಮಿಲ್ ಹೆಡ್‌ಫೋನ್ ಕಿತ್ತು ಕಿವಿ ಹಿಡಿದುಕೊಂಡ. ಐಬೆಕ್ ನಕ್ಕು ನಕ್ಕು ಡ್ರಮ್ ಮೇಲೆ ಬಿದ್ದ.

ನಾಲ್ಕು ಹಾಡು ಮುಗಿದಿವೆ. ನಾಲ್ಕನೆಯದರ ಕೊನೆಗೆ ಪೈಪಿನಲ್ಲಿ ಸದ್ದು. ಟಿಣ್ ಟಿಣ್.

"ಅಜ್ಜಿ ಬೈತಿದಾರೆ. ಸದ್ದು ಇಳಿಸು," ಎಂದ ಎಮಿಲ್.

"ಬೈಗುಳ ಅಲ್ಲ ಅದು. ಕೇಳಿಸ್ಕೊ, ಉಂಗುರ. ಪೈಪು ಈಗ ಕಚ್ಚಲ್ಲ."

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದರಾಯಿತು. ಐಬೆಕ್ ಕಡ್ಡಿ ತಟ್ಟಿ ಕರೆಯುತ್ತಿದ್ದಾನೆ. ಐದನೆಯದು ನನ್ನ ಹಾಡು. ಮೇಲಿನಿಂದಲೂ ಅದೇ ತಾಳಕ್ಕೆ — ಟಿಣ್, ಟಿಣ್, ಟಿ—