ಬಲಗೈಯ ತೋರುಬೆರಳು

ಪ್ರೆಕ್ ತ್ನೋತ್ ಊರು, ಕಾಂಪೊಂಗ್ ಥೋಮ್
ಭಾದ್ರಪದ ಕೃಷ್ಣ ದಶಮಿ, ಗುರುವಾರ
4 ಅಕ್ಟೋಬರ್ 2018

ಮಗಳೇ ಕುಂಥಿಯಾ,

ಬುದ್ಧ ಧಮ್ಮ ಸಂಘ ಮೂರೂ ನಿನ್ನ ನೆತ್ತಿ ಕಾಯಲಿ. ಕೊರಿಯಾದಲ್ಲಿ ಈಗಲೇ ಚಳಿ ಅಂತ ಮಾಲಿಸ್ ಹೇಳಿದಳು. ಆ ಪ್ಲಾಸ್ಟಿಕ್ ಮನೆಯೊಳಗೆ ಕೂತು ಸೊಪ್ಪು ಕೀಳುವಾಗ ಮೊಣಕಾಲಿಗೆ ದಪ್ಪ ಬಟ್ಟೆ ಸುತ್ತಿಕೋ.

ನೀನು ನನ್ನ ಫೋನ್ ಎತ್ತದೆ ಮೂರು ವಾರದ ಮೇಲಾಯಿತು. ಎತ್ತಿದ್ದರೂ ಈ ಮಾತು ಫೋನಿನಲ್ಲಿ ಆಡುವಂಥದ್ದಲ್ಲ, ನಮ್ಮ ಕಡೆ ಫೋನಿಗೆ ಮೂರನೆಯ ಕಿವಿ ಇದೆ. ಹಬ್ಬ ಮುಗಿಸಿಕೊಂಡು ಪಕ್ಕದ ಮನೆ ಮಾಲಿಸ್ ನೀನಿರುವ ಕಡೆಗೇ ಕೆಲಸಕ್ಕೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಪೋಲ್ ಪಾಟ್ ಕಾಲ ಮುಗಿದ ಮೇಲೆ ಮಾವಿನ ಮರದ ಕೆಳಗೆ ಇದ್ದಿಲು ಹಿಡಿದು ಕಲಿತ ಅಕ್ಷರ ನನ್ನದು, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನಪ್ಪನನ್ನು ಭಾನುವಾರ ನೋಡಿ ಬಂದೆ. ಜೈಲಿಗೆ ಹೋಗಿ ಐದು ತಿಂಗಳಾಯಿತು. ಚಹಾ ಅಂಗಡಿಯಲ್ಲಿ ಕೂತು ಅವರು ಆಡಿದ್ದು ಒಂದೇ ಮಾತು. ‘ನಮ್ಮ ಪಕ್ಷಾನೇ ಮುಚ್ಚಿಸಿದ್ದಾರೆ, ಇನ್ನು ಆರಿಸೋಕೆ ಯಾರಿದ್ದಾರೆ? ಓಟಿನ ದಿನ ಮನೇಲಿರಿ, ಬೆರಳು ಚೊಕ್ಕವಾಗಿರ್ಲಿ’ ಅಂದರು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು, ಮೂರನೆಯ ದಿನ ಜೀಪು ಬಂತು. ಈಗ ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿದೆ. ಎಡಗಾಲಿನ ಕಿರುಬೆರಳು ಪೂರ್ತಿ ಕಪ್ಪಾಗಿದೆ, ಪಕ್ಕದ್ದು ಅರ್ಧ. ಜೈಲಿನ ಕಂಪೌಂಡರು ಹಳದಿ ನೀರು ಸವರಿ ಹೋಗುತ್ತಾನೆ. ಆಸ್ಪತ್ರೆಗೆ ಹಾಕಿ ಅಂತ ಮೂರು ಸಲ ಅರ್ಜಿ ಕೊಟ್ಟೆವು. ‘ಹೊರದೇಶದವರು ಕೇಳಿದ್ರೆ ಮಾತ್ರ ಬಾಗಿಲು ತೆಗೀತಾರೆ ಅಮ್ಮಾ, ಇಲ್ಲದಿದ್ರೆ ಕಾಲೇ ತೆಗೀಬೇಕಾಗುತ್ತೆ’ ಅಂತ ವಕೀಲರು ಹೇಳಿಬಿಟ್ಟರು.

ಊರಿನ ಸುದ್ದಿ ಏನೂ ಹೆಚ್ಚಿಲ್ಲ. ನೀರು ರಸ್ತೆಯ ಅಂಚಿನವರೆಗೆ ಬಂದಿತ್ತು, ಇಳಿದಿದೆ. ಊರ ಮುಖ್ಯಸ್ಥ ತಾ ರೊನ್ ಬೇಸಿಗೆಯಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಸೊಂಟ ಮುರಿದುಕೊಂಡರಲ್ಲ, ಅದು ಇನ್ನೂ ಕೂಡಿಲ್ಲ. ವಿಹಾರದಲ್ಲೂ ಮೆಟ್ಟಿಲ ಬುಡದಲ್ಲೇ ಚಾಪೆ ಹಾಕಿಸಿಕೊಂಡು ಕೂರುತ್ತಾರೆ, ಭಿಕ್ಷುಗಳೇ ಇಳಿದು ಬಂದು ಮಂತ್ರ ಹೇಳುತ್ತಾರೆ. ಪಿತೃಗಳ ಹದಿನೈದು ದಿನದಲ್ಲಿ ಹತ್ತು ಕಳೆಯಿತು. ಬೆಳಗಿನ ಜಾವ ಅನ್ನದ ಉಂಡೆ ಎಸೆದು ಬರುತ್ತಿದ್ದೇನೆ. ನನ್ನ ಅಪ್ಪ ಎಲ್ಲಿ ಸತ್ತರೋ ಗೊತ್ತಿಲ್ಲದವಳು ನಾನು, ನಾಲ್ಕು ದಿಕ್ಕಿಗೂ ಒಂದೊಂದು ಎಸೆಯುತ್ತೇನೆ.

ಮೊದಲ ದಿನ ಭಿಕ್ಷುಗಳು ತೀರಿಕೊಂಡವರ ಪಟ್ಟಿ ಓದುವಾಗ, ಓಟಿಗೂ ಮೊದಲೇ ಸತ್ತ ಬಡಗಿ ತಾ ಮೊಯ್ ಹೆಸರು ಬಂತು. ಹೆಂಗಸರ ಸಾಲಿನಲ್ಲಿ ಪಿಸುಪಿಸು ಶುರುವಾಯಿತು. ಓಟಿನ ದಿನ ಮೇಜಿನ ಮೇಲಿನ ಪಟ್ಟಿಯಲ್ಲಿ ಆತನ ಹೆಸರೂ ಇತ್ತು, ಮತ ಹಾಕಿದ್ದಾನೆ ಅಂತ ಮುಂದೆ ಗುರುತೂ ಬಿದ್ದಿತ್ತು. ತನ್ನ ಹೆಸರಿನ ಮೇಲಿನ ಸಾಲೇ ಆದ್ದರಿಂದ ಸಮೋನ್ ಅಜ್ಜಿ ಕಣ್ಣಾರೆ ಕಂಡಿದ್ದಳು. ಆಕೆ ನನ್ನ ಕಿವಿಯಲ್ಲಿ, ‘ನೋಡೇ, ಅನ್ನಕ್ಕಿಂತ ಮುಂಚೆ ಓಟಿಗೇ ಬಂದ್ ಹೋಗಿದ್ದಾನೆ. ಬದುಕಿದ್ದಾಗ ಹೆಂಡ್ತಿ ಹತ್ತು ಸಲ ಕೂಗಿದ್ರೂ ಏಳ್ತಿರಲಿಲ್ಲ’ ಅಂದಳು. ವಿಹಾರದಲ್ಲಿ ನಗಬಾರದು, ನಕ್ಕೆವು.

ತಾ ಮೊಯ್ ಸಂಗತಿಯನ್ನೂ ಅರ್ಜಿಯಲ್ಲಿ ಬರೆಸಿದ್ದೆವು. ಶ್ರಾವಣದಲ್ಲಿ ನಾವು ಹನ್ನೊಂದು ಹೆಂಗಸರು ರಾಜಧಾನಿಗೆ ಹೋದದ್ದು ನಿನಗೆ ಗೊತ್ತು. ಏನಾಯಿತು ಅನ್ನುವುದನ್ನು ಪೂರ್ತಿ ಹೇಳಿರಲಿಲ್ಲ. ಹಿಂದೆ ಪ್ಯಾರಿಸ್ಸಿನಲ್ಲಿ ನಮ್ಮ ದೇಶದ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳೆಲ್ಲ ಈ ಚುನಾವಣೆಗೆ, ಈ ಜೈಲಿಗೆ ಜವಾಬು ಹೇಳಬೇಕು ಅಂತ ವಕೀಲರು ಬರೆದುಕೊಟ್ಟಿದ್ದರು. ಹೆಬ್ಬೆಟ್ಟು ಒತ್ತೋಣ ಅಂದರೆ ಕೆಂಪು ಶಾಯಿಯ ಡಬ್ಬಿ ವ್ಯಾನಿನಲ್ಲೇ ಉಳಿದಿತ್ತು. ಸಮೋನ್ ಅಜ್ಜಿ ಎಲೆಅಡಿಕೆ ಅಗಿಯುತ್ತಾ ‘ಕೆಂಪು ಬೇಕಾ, ಬಾಯ್ತುಂಬ ಇದೆ, ಬನ್ನಿ’ ಅಂದಳು. ಕೊನೆಗೆ ಯಾರದೋ ತುಟಿಯ ಬಣ್ಣದಲ್ಲಿ ಒತ್ತಿದೆವು. ಏಳು ರಾಯಭಾರ ಕಚೇರಿಯ ಗೇಟಿಗೆ ಹೋದೆವು. ಎರಡು ಕಡೆ ಒಳಗಿನಿಂದ ಯಾರೋ ಬಂದು ತೆಗೆದುಕೊಂಡರು. ಮೂರು ಕಡೆ ಗೇಟಿನ ಕಿಂಡಿಯಲ್ಲಿ ತೂರಿಸಿ ಅಂದರು. ಇನ್ನೆರಡು ಕಡೆ ಕಾವಲಿನವನು ನಮ್ಮನ್ನು ನೋಡದೆ ನಮ್ಮ ಹಿಂದಿನ ರಸ್ತೆ ನೋಡಿದ. ವಿಹಾರದ ಹುಂಡಿಯಲ್ಲಿ ಹಾಕುವಾಗ ಒಳಗೆ ಯಾರ ಮೂರ್ತಿಯಿದೆ ಅಂತಲಾದರೂ ಗೊತ್ತಿರುತ್ತದೆ.

ಹೊರದೇಶದವರ ಮಾನವ ಹಕ್ಕಿನ ಕಚೇರಿಯಲ್ಲಿ ಮಾತ್ರ ಕೂರಿಸಿ ತಣ್ಣನೆ ನೀರು ಕೊಟ್ಟರು. ಅಲ್ಲಿನ ದೊಡ್ಡವಳು ಎತ್ತರದ ಬಿಳಿ ಹೆಂಗಸು, ಅವಳ ಮಾತನ್ನು ನಮಗೆ ಹೇಳುವವಳು ದಾಲಿನ್ ಅಂತ ನಮ್ಮದೇ ಹುಡುಗಿ, ನಿನ್ನ ವಯಸ್ಸು. ನಿನ್ನಪ್ಪನ ಕಾಲಿನ ಫೋಟೋ ನೋಡಿ ದೊಡ್ಡವಳು ಅದನ್ನು ಎಲ್ಲ ಕಾಗದದ ಮೇಲಕ್ಕೆ ಎತ್ತಿಟ್ಟಳು. ಜಿನೀವಾದಲ್ಲಿರುವ ನಮ್ಮ ದೊಡ್ಡ ಕಚೇರಿಗೆ ಕಳಿಸುತ್ತೇವೆ, ಅಲ್ಲಿಂದ ಸರ್ಕಾರವನ್ನು ಕೇಳುತ್ತಾರೆ ಅಂದಳು. ನಾನು ಆವತ್ತು ವಾಪಸ್ ಬರುವಾಗ ಊಟ ಮಾಡಿದೆ. ಮೂರು ತಿಂಗಳ ಮೇಲೆ ರುಚಿ ಹತ್ತಿತು.

ಜಿನೀವಾದವರು ಕೇಳಿದ್ದು ನಿಜ. ಸರ್ಕಾರ ಉತ್ತರ ಕೊಟ್ಟದ್ದೂ ನಿಜ. ದಾಲಿನ್ ನನ್ನನ್ನು ಕರೆಸಿ ಆ ಉತ್ತರದ ಜೊತೆ ಬಂದ ಎರಡು ಚಿತ್ರ ಮುಂದಿಟ್ಟಳು. ‘ಅಮ್ಮಾ, ಇದು ನೀವೇನಾ?’ ಅಂದಳು. ಬೈಯುವ ದನಿಯಲ್ಲಿ ಕೇಳಿದ್ದರೆ ಸುಲಭವಿತ್ತು.

ಮೊದಲನೆಯದರಲ್ಲಿ ಬಿಳಿ ರವಿಕೆ ಹಾಕಿ ಶಾಲೆಯ ಕೋಣೆಯಲ್ಲಿ ನಿಂತಿದ್ದೇನೆ, ಬಲಗೈಯ ತೋರುಬೆರಳು ಶಾಯಿ ಸೀಸೆಯೊಳಗೆ ಗೆಣ್ಣಿನವರೆಗೆ ಮುಳುಗಿದೆ. ಎರಡನೆಯದರಲ್ಲಿ ನೀನಿದ್ದೀಯ. ಅಲ್ಲಿ ಗ್ವಾಂಗ್ಜುವಿನಲ್ಲಿ ಈ ಓಟಿನ ವಿರುದ್ಧ ನಡೆದ ಮೆರವಣಿಗೆಯಲ್ಲಿ ನನ್ನ ಕೈಯ ಫೋಟೋವನ್ನು ಮೊರದಷ್ಟು ದೊಡ್ಡದು ಮಾಡಿಸಿ ಎತ್ತಿ ಹಿಡಿದಿದ್ದೀಯ, ‘ನಮ್ಮಮ್ಮನ ಬೆರಳು ಚೊಕ್ಕ’ ಅಂತ ಕೆಳಗೆ ಬರೆದಿದೆ. ಅದು ಎಡಗೈ, ಹೆಬ್ಬೆಟ್ಟು ಯಾವ ಕಡೆಗಿದೆ ಅಂತ ನೋಡಿದರೆ ಸಾಕು. ಸರ್ಕಾರದವರು ನೋಡಿದ್ದರು. ಬಂದಿಯ ಹೆಂಡತಿಯೇ ಸ್ವಂತ ಇಷ್ಟದಿಂದ ಮತ ಹಾಕಿದ್ದಾರೆ, ಮಗಳು ಪರದೇಶದಲ್ಲಿ ಸುಳ್ಳು ಹರಡುತ್ತಿದ್ದಾಳೆ, ಈ ಮನೆಯವರ ಉಳಿದ ದೂರುಗಳನ್ನೂ ಹಾಗೆಯೇ ತಿಳಿಯಬೇಕು ಅಂತ ಬರೆದಿದ್ದರು. ಉಳಿದ ದೂರು ಅಂದರೆ ನಿನ್ನಪ್ಪನ ಕಾಲು.

ಅದೇ ಚಿತ್ರಗಳು ನಿನ್ನ ಫೋನಿಗೂ ಬಂದವು, ಆಮೇಲೆ ನೀನು ಮಾತು ಬಿಟ್ಟೆ. ಮೆರವಣಿಗೆಯಲ್ಲಿ ನಿನ್ನ ಜೊತೆ ನಿಂತವರು ನಿನ್ನನ್ನು ಏನಂದರೋ ನಾನು ಕೇಳಲಿಲ್ಲ. ಮಾಲಿಸ್‌ಗೆ ಗೊತ್ತು, ಅವಳೂ ಹೇಳಲಿಲ್ಲ.

ಹೌದು, ಓಟು ಹಾಕಿದೆ. ನೀನು ಫೋಟೋ ಕೇಳಿದ ಸಂಜೆ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈ ಚಾಚಿದೆ. ಅದಕ್ಕೂ ಮೊದಲು ನಿಂಬೆಹಣ್ಣು, ಬೂದಿ, ಪರಂಗಿಕಾಯಿಯ ಹಾಲು ಎಲ್ಲಾ ಹಚ್ಚಿ ಉಜ್ಜಿದ್ದೆ. ಚರ್ಮ ಸುಲಿಯಿತು, ಉಗುರಿನದು ಹೋಗಲಿಲ್ಲ. ಫೋಟೋ ನಿನ್ನೊಬ್ಬಳ ಸಮಾಧಾನಕ್ಕೆ ಅಂದುಕೊಂಡಿದ್ದೆ ಮಗಳೇ. ಅದನ್ನು ಅಷ್ಟು ದೊಡ್ಡದು ಮಾಡಿಸುತ್ತೀಯ ಅಂತ ನನಗೇನು ಗೊತ್ತು.

ಓಟಾದ ಮೇಲೆ ನಿನ್ನಪ್ಪನನ್ನು ನೋಡಲು ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋದೆ. ಏನದು ಅಂದರು. ಮೀನು ಹೆಚ್ಚುವಾಗ ಕೊಯ್ದುಕೊಂಡೆ ಅಂದೆ. ‘ಮೀನಿನ ಕೈಲೂ ಕತ್ತಿ ಇತ್ತಾ?’ ಅಂತ ನಕ್ಕರು. ಇಪ್ಪತ್ತೆಂಟು ವರ್ಷ ನನ್ನ ಕೈಯ ಮೀನು ತಿಂದವರು, ನಾನು ಯಾವ ಕೈಯಲ್ಲಿ ಕತ್ತಿ ಹಿಡಿಯುತ್ತೇನೆ, ಯಾವ ಬೆರಳಿಗೆ ಗಾಯವಾಗುತ್ತದೆ ಅಂತ ಅವರಿಗೆ ಗೊತ್ತಿಲ್ಲವೆ? ಆಮೇಲೆ ಕಾಲನ್ನು ಮೆಲ್ಲಗೆ ಬೆಂಚಿನ ಕೆಳಕ್ಕೆ ಎಳೆದುಕೊಂಡರು. ಅವರು ಬೆರಳಿನ ಮಾತು ಮತ್ತೆ ಎತ್ತಲಿಲ್ಲ, ನಾನು ಕಾಲಿನ ಮಾತು ಎತ್ತಲಿಲ್ಲ. ಹೊತ್ತು ಮುಗಿಯಿತು ಅಂತ ಕಾವಲಿನವನು ಕೂಗುವವರೆಗೂ ಮಳೆಯ ವಿಷಯ ಮಾತಾಡಿದೆವು.

ಈಗ ದಾಲಿನ್ ಒಂದು ದಾರಿ ತೋರಿಸಿದ್ದಾಳೆ. ನಾನು ಹೆದರಿ ಹಾಕಿದೆ ಅಂತ ಬರೆದುಕೊಟ್ಟರೆ ಆ ಚಿತ್ರ ನಮ್ಮ ಕಡೆಯ ಸಾಕ್ಷಿಯಾಗುತ್ತದಂತೆ. ಆದರೆ ಅವರ ನಮೂನೆಯಲ್ಲಿ ಯಾರು, ಯಾವತ್ತು, ಏನಂದರು ಅಂತ ಮೂರು ಖಾನೆ ಇವೆ. ‘ಹೆದರಿಸಿದವರ ಹೆಸರು ಇಲ್ದೆ ಬರೀ ಹೆದರಿಕೆ ಅಂತ ಬರೆಯೋಕೆ ಜಾಗ ಇಲ್ಲಮ್ಮ’ ಅಂದಳು, ಪಾಪ, ತಾನೇ ತಪ್ಪು ಮಾಡಿದವಳ ಹಾಗೆ. ಹೇಳಿದೆ. ಓಟಿನ ದಿನ ಬೆಳಿಗ್ಗೆ ಊರ ಮುಖ್ಯಸ್ಥ ತಾ ರೊನ್ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು, ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತರು, ‘ಬೆರಳು ಕಪ್ಪಾಗದಿದ್ರೆ ಗಂಡನ ಆಸ್ಪತ್ರೆ ಮಾತು ಮರೆತುಬಿಡು’ ಅಂದರು ಅಂತ ಹೇಳಿದೆ. ದಾಲಿನ್ ಬರೆದುಕೊಳ್ಳುತ್ತಾ ಹೋದಳು. ಈ ತಿಂಗಳ ಇಪ್ಪತ್ತಕ್ಕೆ ಹೋಗಿ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಮತ್ತೆ ಜಿನೀವಾದಿಂದ ಕೇಳುತ್ತಾರೆ, ಈ ಸಲ ಕಾಲಿನ ವಿಷಯ ಮೊದಲು ಕೇಳುತ್ತಾರೆ.

ಆದ್ದರಿಂದ ಸಿಟ್ಟು ಬಿಡು. ನಿನ್ನಮ್ಮ ಇಷ್ಟಪಟ್ಟು ಹೋದವಳಲ್ಲ. ನಿನ್ನ ಗೆಳತಿಯರಿಗೂ ಹಾಗೆಯೇ ಹೇಳು. ಮಾಲಿಸ್ ಕೈಯಲ್ಲಿ ಒಣಮೀನು ಕಳಿಸಿದ್ದೇನೆ. ಬಾಳೆಎಲೆಯಲ್ಲಿ ಸುತ್ತಿದ ಹಬ್ಬದ ಕಡುಬು ಅಷ್ಟು ದೂರಕ್ಕೆ ಹಳಸುತ್ತದೆ, ಅಜ್ಜನ ಹೆಸರಿನಲ್ಲಿ ನಿನ್ನ ಪಾಲು ಭಿಕ್ಷುಗಳಿಗೆ ಕೊಡುತ್ತೇನೆ.

ನಿನ್ನ ದನಿಗೆ ಕಾದಿರುವ ಅಮ್ಮ,
ಚುಮ್ ಯೆನ್

ಮರೆತದ್ದು: ಮರೆತದ್ದಲ್ಲ. ಮೇಲಿನದನ್ನು ಬರೆದು ಮಡಚಿ, ವಿಹಾರಕ್ಕೆ ಹೋಗಿ ಐದು ಶೀಲಗಳ ವ್ರತ ತೆಗೆದುಕೊಂಡೆ. ಸುಳ್ಳಾಡುವುದಿಲ್ಲ ಅನ್ನುವ ನಾಲ್ಕನೆಯದನ್ನು ಬಿಟ್ಟು ಐದನೆಯದಕ್ಕೆ ಹೋದೆ. ಮೆಟ್ಟಿಲ ಬುಡದಲ್ಲಿ ಚಾಪೆಯ ಮೇಲೆ ತಾ ರೊನ್ ಕೂತಿದ್ದರು, ‘ಗಂಡ ಹೇಗಿದಾನಮ್ಮ, ಕಾಲು ವಾಸಿನಾ?’ ಅಂತ ಕೇಳಿದರು. ಬುದ್ಧಿವಂತೆ ನೀನು, ಓದುವಾಗಲೇ ಗೊತ್ತಾಗಿರುತ್ತದೆ. ಸೊಂಟ ಮುರಿದವರು ನಮ್ಮ ಹನ್ನೆರಡು ಮೆಟ್ಟಿಲು ಹತ್ತಿ ಬರುವುದು ಹೇಗೆ? ಬರಲಿಲ್ಲ. ಯಾರೂ ಬರಲಿಲ್ಲ, ಯಾರೂ ಏನೂ ಅನ್ನಲಿಲ್ಲ.

ಮಧ್ಯಾಹ್ನದವರೆಗೆ ಮನೆಯಲ್ಲೇ ಇದ್ದೆ. ಆಮೇಲೆ ನೀರಿಗೆ ಹೋದೆ. ಬಾವಿಯ ಹತ್ತಿರ ಆರೇಳು ಹೆಂಗಸರಿದ್ದರು, ಎಲ್ಲರ ಬೆರಳೂ ಕಪ್ಪು. ನಾನು ಹಗ್ಗ ಹಿಡಿದಾಗ ಮಾತು ನಿಂತಿತು, ಎಲ್ಲರೂ ನನ್ನ ಕೈ ನೋಡಿದರು. ಅಷ್ಟೇ. ಕೆಟ್ಟ ಕಣ್ಣಿನಿಂದಲ್ಲ, ಸುಮ್ಮನೆ ನೋಡಿದರು. ಪೋಲ್ ಪಾಟ್ ಕಾಲದಲ್ಲಿ ಅಂಗೈ ಮೆತ್ತಗಿದ್ದವರನ್ನು ಬೇರೆ ಸಾಲಿಗೆ ನಿಲ್ಲಿಸಿ ಕರೆದುಕೊಂಡು ಹೋಗುತ್ತಿದ್ದರು. ಓದಿದವರ ಕೈ ಅಂತ ನಮ್ಮಪ್ಪ ಹೋದದ್ದೂ ಹಾಗೆಯೇ. ಮಾರನೆಯ ದಿನದಿಂದ ನಮ್ಮಮ್ಮ ನನ್ನ ಕೈಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ಎಲ್ಲರ ಕೈ ಹೇಗಿದೆಯೋ ನಿನ್ನದೂ ಹಾಗೇ ಇರ್ಲಿ ಕಂದಾ, ಅನ್ನುತ್ತಿದ್ದಳು. ಬಾವಿಯ ಹತ್ತಿರ ನನಗೆ ಅದೊಂದೇ ನೆನಪಾಯಿತು. ನಿನ್ನಪ್ಪ ನೆನಪಾಗಲಿಲ್ಲ. ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು ರವಿಕೆ ಬದಲಾಯಿಸಿ ಹೋದೆ. ಒಳಗೆ ಯಾರಿಗೆ ಹಾಕಿದೆ ಅಂತ ಕೇಳಬೇಡ.

ಇದನ್ನು ಬರೆಯುವ ಖಾನೆ ದಾಲಿನ್ ಹತ್ತಿರ ಇಲ್ಲ. ಇಪ್ಪತ್ತಕ್ಕೆ ಒತ್ತಿದರೆ ನಿನ್ನಪ್ಪನ ಕಾಲು ಉಳಿದರೂ ಉಳಿಯಬಹುದು, ತಾ ರೊನ್ ಹೆಸರು ಕೆಟ್ಟವರ ಪಟ್ಟಿಯಲ್ಲಿ ದೇಶದೇಶ ಸುತ್ತುತ್ತದೆ. ಒತ್ತದಿದ್ದರೆ ಆ ಚಿತ್ರವೇ ಕೊನೆಯ ಮಾತು. ಬುದ್ಧನ ಮುಂದೆ ಕೂತರೂ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ. ಅಷ್ಟರೊಳಗೆ ಒಂದು ಸಲ ಫೋನ್ ಮಾಡು. ಬೈಯಬೇಕಾದರೆ ಆಮೇಲೆ ಬೈಯುವೆಯಂತೆ. ಹೋಗು ಅನ್ನು, ಇಲ್ಲ ಬೇಡ ಅನ್ನು, ಎರಡರಲ್ಲಿ ಒಂದು ಅಂದು ಇಟ್ಟುಬಿಡು.

ಕೆಳಗೆ ಕೆಂಪಗೆ ಒತ್ತಿರುವುದು ಬಲಗೈಯ ತೋರುಬೆರಳು. ಉಗುರಿನ ತುದಿಯ ಕಪ್ಪು ಇನ್ನೂ ಎಳ್ಳಷ್ಟು ಉಳಿದಿದೆ.